ಅವ್ವನನ್ನು ಒಮ್ಮೆಯಾದರೂ ಕೇಳಿದ್ದೇವೆಯೇ?

ಜುಲೈ 26 ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ. ಈ ಹಬ್ಬಕ್ಕೆ ಹತ್ತಿರವಾಗಿ ಬರುವ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಮತ್ತು ವಯೋವೃದ್ಧರ ವಿಶ್ವ ದಿನವೆಂದು ಆಚರಿಸುವ ಪದ್ಧತಿಯನ್ನು ಜಗದ್ಗುರು ಫ್ರಾನ್ಸಿಸ್‌ರವರು 2021ರಲ್ಲಿ ಆರಂಭಿಸಿದರು. ಬಾಲ್ಯದಲ್ಲಿ ತಮಗೆ ಪ್ರಾರ್ಥನೆ ಕಲಿಸಿದವರು ತಮ್ಮ ಅಜ್ಜಿ ರೋಸಾ ಎಂದು ಅವರು ಮತ್ತೆ ಮತ್ತೆ ನೆನೆಯುತ್ತಿದ್ದರು. ಅವರು ದೈವಾಧೀನರಾದ ಮೇಲೂ ಈ ದಿನ ಉಳಿದಿದೆ.

ಕಳೆದ ವರ್ಷ ಆ ಭಾನುವಾರ ನಮ್ಮ ಧರ್ಮಕೇಂದ್ರದ ಧರ್ಮೋಪದೇಶ ತರಗತಿಯಲ್ಲಿ ಅಜ್ಜ-ಅಜ್ಜಿಯ ಚಿತ್ರ ಬರೆಯಲು ಮಕ್ಕಳಿಗೆ ಹೇಳಿದ್ದರು. ಆರು ವರ್ಷದ ನನ್ನ ಮಗಳು ಮನೆಗೆ ಬಂದವಳೇ ಹಾಳೆಯನ್ನು ಎಲ್ಲರಿಗೂ ತೋರಿಸಿದಳು. ಅಜ್ಜಿ ಅಡುಗೆಮನೆಯಲ್ಲಿ ನಿಂತಿದ್ದಾಳೆ, ಸೊಂಟದ ಮೇಲೆ ತಮ್ಮ ಕೂತಿದ್ದಾನೆ. ತಾತ ಮಾತ್ರ ಹಾಳೆಯ ಮೂಲೆಯಲ್ಲಿ ಒಂದು ಚಿಕ್ಕ ಚೌಕದೊಳಗಿದ್ದಾನೆ.

"ಇದೇನಮ್ಮಾ ಇದು, ಕಿಟಕಿಯಾ?" ಎಂದು ಕೇಳಿದೆ.

"ಅಲ್ಲ, ಮೊಬೈಲು. ತಾತ ಅದರೊಳಗೇ ತಾನೇ ಇರೋದು?" ಎಂದಳು.

ನಾನೂ ನನ್ನ ಪತ್ನಿಯೂ ನಕ್ಕೆವು. ಅವ್ವ ನಗಲಿಲ್ಲ. ಹಾಲು ಉಕ್ಕುತ್ತದೆಂದು ಒಳಗೆ ಹೋದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

ನಮ್ಮ ಮಗಳು ಹುಟ್ಟಿದಾಗ ನನ್ನ ಪತ್ನಿಗೆ ಇಪ್ಪತ್ತಾರು ವಾರಗಳ ಹೆರಿಗೆ ರಜೆ ಸಿಕ್ಕಿತ್ತು. 2017ರಲ್ಲಿ ಕಾನೂನು ತಿದ್ದುಪಡಿಯಾಗುವ ಮೊದಲು ಅದು ಹನ್ನೆರಡೇ ವಾರ. ಆ ರಜೆಯೂ ಮುಗಿದ ಮೇಲೆ ಮುಂದೇನು? ಊರಿಗೆ ಹೋಗಿ ಅವ್ವನನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆ. "ಒಂದಾರು ತಿಂಗಳು ಇದ್ದು ಹೋಗು" ಎಂದಿದ್ದೆ. ಆರು ತಿಂಗಳು ಆರು ವರ್ಷವಾಯಿತು. ನಡುವೆ ಮಗ ಹುಟ್ಟಿದ. ಎರಡು ಹಸು, ಮುಕ್ಕಾಲು ಎಕರೆ ರಾಗಿ ಹೊಲ ಬಿಟ್ಟು ಬರಲಾಗದ ಅಪ್ಪ ಊರಿನಲ್ಲೇ ಉಳಿದರು. ನಲವತ್ತೊಂದು ವರ್ಷ ಒಂದೇ ಸೂರಿನಡಿ ಬಾಳಿದ ಇಬ್ಬರು ನನ್ನ ಮಕ್ಕಳ ಸಲುವಾಗಿ ಬೇರೆ ಬೇರೆ ಊರಿನಲ್ಲಿ ಮಲಗುತ್ತಿದ್ದಾರೆಂಬುದು ನನಗೆ ತಿಳಿಯದ ವಿಷಯವಲ್ಲ. ಆದರೆ ಮಗಳು ಅದನ್ನು ಚೌಕ ಕಟ್ಟಿ ತೋರಿಸುವವರೆಗೆ ನಾನು ಅದನ್ನು ನೋಡಿರಲಿಲ್ಲ.

ಪ್ರಿಯ ಓದುಗರೇ, ಇದು ನನ್ನೊಬ್ಬನ ಮನೆಯ ಕಥೆಯಲ್ಲವೆಂದು ನಿಮಗೂ ಗೊತ್ತು. ನಿಮ್ಮ ಧರ್ಮಕೇಂದ್ರದಲ್ಲಿ ವಾರದ ದಿನದ ಬೆಳಗಿನ ಬಲಿಪೂಜೆಗೆ ತಪ್ಪದೆ ಬರುತ್ತಿದ್ದ ಯಾವುದಾದರೂ ಹಿರಿಯ ತಾಯಿ ಇತ್ತೀಚೆಗೆ ಕಾಣುತ್ತಿಲ್ಲವೇ? ವಿಚಾರಿಸಿ ನೋಡಿ. ಮಗಳ ಮನೆಯಲ್ಲೋ ಮಗನ ಮನೆಯಲ್ಲೋ ಮೊಮ್ಮಗುವಿನ ಟಿಫನ್ ಡಬ್ಬಿ ಕಟ್ಟುತ್ತಿರಬಹುದು. ಕರಾವಳಿಯ ಎಷ್ಟೋ ತಂದೆತಾಯಿಗಳು ಸೆಪ್ಟೆಂಬರ್ 8ರ ತೆನೆಹಬ್ಬವನ್ನೂ ಬಿಟ್ಟು, ಮಗಳ ಬಾಣಂತನಕ್ಕೆಂದು ಕೊಲ್ಲಿ ದೇಶಕ್ಕೋ ಅಮೆರಿಕೆಗೋ ಹೋಗಿ, ಮಾತನಾಡಲು ನೆರೆಹೊರೆಯವರಿಲ್ಲದ ಮನೆಗಳಲ್ಲಿ ತಿಂಗಳು ಎಣಿಸಿದ್ದಾರೆ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಸೊಸೆ ಬೆಳಗಿನ ಬಸ್ಸು ಹತ್ತಬೇಕಾದರೆ ಮನೆಯಲ್ಲಿ ಅತ್ತೆ ಇರಲೇಬೇಕು. ಇಂದು ನಮ್ಮ ಸಂಸಾರಗಳು ನಡೆಯುತ್ತಿರುವುದು ಎರಡು ಸಂಬಳಗಳ ಮೇಲೆ. ಆ ಎರಡೂ ಸಂಬಳಗಳು ನಿಂತಿರುವುದು, ಸಂಬಳವಿಲ್ಲದ ಒಬ್ಬ ಅಜ್ಜಿಯ ಮೇಲೆ!

ಹಾಗಾದರೆ ಮೊಮ್ಮಕ್ಕಳ ಆರೈಕೆ ಹಿರಿಯರಿಗೆ ಒಳಿತೋ ಕೆಡುಕೋ?

ಔಷಧಿಯೂ ಹೌದು, ಭಾರವೂ ಹೌದು

ಅಸಲಿಗಿಂತ ಬಡ್ಡಿಯ ಮೇಲೆ ಆಸೆ ಹೆಚ್ಚು ಎಂದು ನಮ್ಮ ಹಿರಿಯರು ನಗುತ್ತಾ ಹೇಳುವುದುಂಟು. ಸ್ವಂತ ಮಕ್ಕಳನ್ನು ಗದರಿಸಿ ಬೆಳೆಸಿದವರೇ ಮೊಮ್ಮಕ್ಕಳ ಮುಂದೆ ಬೆಣ್ಣೆಯಂತೆ ಕರಗುತ್ತಾರೆ. ಪವಿತ್ರ ಗ್ರಂಥದಲ್ಲಿ ರೂತಳ ಪುಸ್ತಕವನ್ನು ಓದಿ ನೋಡಿ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು, ತನ್ನ ಬಾಳೇ ಕಹಿಯಾಯಿತೆಂದು ಬೆತ್ಲೆಹೇಮಿಗೆ ಹಿಂದಿರುಗಿದ ನವೊಮಿಯ ಮಡಿಲಿಗೆ ಕೊನೆಯಲ್ಲಿ ಒಂದು ಮಗು ಬರುತ್ತದೆ. ಅದು ಸೊಸೆ ರೂತಳ ಮಗು. ಈ ಮಗು ನಿನಗೆ ಹೊಸ ಜೀವ ಕೊಡುತ್ತದೆ, ಮುಪ್ಪಿನಲ್ಲಿ ನಿನ್ನನ್ನು ಸಲಹುತ್ತದೆ ಎಂದು ನೆರೆಯ ಹೆಂಗಸರು ಹರಸುತ್ತಾರೆ. ಮಗುವನ್ನು ಸಾಕುವವಳು ಅಜ್ಜಿ. ಅಜ್ಜಿಯನ್ನು ಬದುಕಿಸುವುದು ಮಗು. ಎಂಥ ಸತ್ಯವಾದ ಮಾತು!

ಇಂದಿನ ವಿಜ್ಞಾನಿಗಳೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಜರ್ಮನಿಯ ಬರ್ಲಿನ್ ನಗರದಲ್ಲಿ 70 ವರ್ಷ ದಾಟಿದ 500ಕ್ಕೂ ಹೆಚ್ಚು ಹಿರಿಯರ ಬಗ್ಗೆ 1990ರಿಂದ 2009ರವರೆಗೆ ಕಲೆಹಾಕಿದ ಮಾಹಿತಿಯನ್ನು ಆಧರಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆಗಾಗ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಅರ್ಧದಷ್ಟು ಮಂದಿ ಮೊದಲ ಸಂದರ್ಶನದ ನಂತರ ಹತ್ತು ವರ್ಷ ಕಳೆದರೂ ಬದುಕಿದ್ದರು. ಯಾರಿಗೂ ನೆರವಾಗದೆ ಇದ್ದವರಲ್ಲಿ ಅರ್ಧದಷ್ಟು ಮಂದಿ ಐದು ವರ್ಷಗಳಲ್ಲೇ ತೀರಿಕೊಂಡಿದ್ದರು. ಮಕ್ಕಳಿಲ್ಲದಿದ್ದರೂ ನೆರೆಯವರಿಗೋ ಸ್ನೇಹಿತರಿಗೋ ಆಸರೆಯಾಗಿದ್ದವರೂ ಹೆಚ್ಚು ಕಾಲ ಬಾಳಿದ್ದರು. ಗಟ್ಟಿಮುಟ್ಟಾಗಿರುವವರೇ ಇತರರಿಗೆ ನೆರವಾಗುತ್ತಾರೆ ಎಂಬುದನ್ನೂ ನಾವು ಮರೆಯಬಾರದು. ಇದನ್ನು ಆದಷ್ಟು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಕೊಡುವ ಕೈಗೂ ದೀರ್ಘ ಬಾಳಿಗೂ ನಂಟಿದೆ ಎಂದು ಆ ಅಧ್ಯಯನ ಕಂಡಿತು.

ಆದರೆ ಗಮನಿಸಿ. ಮೊಮ್ಮಕ್ಕಳ ಸಂಪೂರ್ಣ ಹೊಣೆ ಹೊತ್ತ ಅಜ್ಜ-ಅಜ್ಜಿಯರು ಆ ಲೆಕ್ಕದಲ್ಲಿ ಇರಲಿಲ್ಲ. ಆಸ್ಟ್ರೇಲಿಯದ ಮೆಲ್ಬೋರ್ನ್‌ನಲ್ಲಿ 186 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ವಾರಕ್ಕೆ ಒಂದು ದಿನ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅಜ್ಜಿಯರ ಬುದ್ಧಿ ಚುರುಕಾಗಿತ್ತು. ವಾರಕ್ಕೆ ಐದು ದಿನ ಅಥವಾ ಹೆಚ್ಚು ನೋಡಿಕೊಳ್ಳುತ್ತಿದ್ದವರು ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ತಮ್ಮ ಮಕ್ಕಳು ತಮ್ಮಿಂದ ಬಹಳ ಬಯಸುತ್ತಾರೆ ಎಂಬ ಬೇಸರವೂ ಇವರಲ್ಲೇ ಹೆಚ್ಚಾಗಿತ್ತು. ಅಮೆರಿಕದ ದಾದಿಯರ ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನವು ವಾರಕ್ಕೆ ಒಂಬತ್ತು ಗಂಟೆ ಅಥವಾ ಹೆಚ್ಚು ಕಾಲ ಮೊಮ್ಮಕ್ಕಳ ಆರೈಕೆಯಲ್ಲಿದ್ದ ಮಹಿಳೆಯರಲ್ಲಿ ಹೃದಯರೋಗ ಹೆಚ್ಚಾಗಿ ಕಂಡುಬಂದಿತೆಂದು ತಿಳಿಸಿತು.

ನಮ್ಮ ಅವ್ವಂದಿರಿಗೆ ವಾರಕ್ಕೆ ಒಂಬತ್ತು ಗಂಟೆ ಎಂದರೆ ನಗು ಬಂದೀತು! ಸೋಮವಾರ ಮಧ್ಯಾಹ್ನದೊಳಗೇ ಅದು ಮುಗಿದಿರುತ್ತದೆ. ಅಲ್ಲಿಯ ಗಂಟೆಗಳ ಲೆಕ್ಕವನ್ನು ಹಾಗೆಯೇ ತಂದು ನಮ್ಮ ಮನೆಗೆ ಹಚ್ಚಲಾಗದು, ನಿಜ. ಆದರೂ ಅವು ಹೇಳುವ ಮಾತು ನಮಗೆ ಹೊಸದಲ್ಲ. ಹದವಾಗಿದ್ದರೆ ಔಷಧಿ, ಹದ ಮೀರಿದರೆ ಭಾರ. ಹಾಗಾದರೆ ಆ ಹದವನ್ನು ನಿರ್ಧರಿಸುವವರು ಯಾರು?

ನಮ್ಮ ಮನೆಯ ಕೊರ್ಬಾನ್

ನನ್ನ ತಪ್ಪನ್ನೇ ಹೇಳುತ್ತೇನೆ. ಎರಡು ವರ್ಷಗಳ ಹಿಂದೆಯೇ ಅವ್ವನ ಬಲಗಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಎಂದು ವೈದ್ಯರು ಹೇಳಿದ್ದರು. "ಪಾಪು ಸ್ಕೂಲಿಗೆ ಸೇರಲಿ, ಆಮೇಲೆ ನೋಡೋಣ" ಎಂದು ಅವ್ವ ಮುಂದೂಡಿದಳು. ನಾನು ಎರಡನೇ ಮಾತು ಆಡಲಿಲ್ಲ. ಯಾಕೆ? ಆಪರೇಷನ್ ಆದರೆ ಕೆಲವು ವಾರ ಆಕೆ ಮಗುವನ್ನು ಎತ್ತುವಂತಿಲ್ಲ, ಒಲೆಯ ಮುಂದೆ ನಿಲ್ಲುವಂತಿಲ್ಲ. ನಮಗೆ ರಜೆ ಇರಲಿಲ್ಲ. ಅವ್ವ 'ಆಮೇಲೆ' ಎಂದಾಗ ನನಗೆ ಆದದ್ದು ಬೇಸರವಲ್ಲ, ಸಮಾಧಾನ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಪವಿತ್ರ ಗ್ರಂಥದಲ್ಲಿ ಯೇಸುಸ್ವಾಮಿ ಫರಿಸಾಯರನ್ನು ಕಟುವಾಗಿ ಖಂಡಿಸಿದ ಒಂದು ಸಂದರ್ಭವಿದೆ. ತಂದೆತಾಯಿಗೆ ಸಲ್ಲಬೇಕಾದುದನ್ನು 'ಕೊರ್ಬಾನ್', ಅಂದರೆ ಇದು ದೇವರಿಗೆ ಮುಡಿಪು ಎಂದು ಹೇಳಿಬಿಟ್ಟರೆ ಸಾಕು, ಮಗನು ತಂದೆತಾಯಿಗೆ ಏನನ್ನೂ ಮಾಡಬೇಕಿಲ್ಲ ಎಂದು ಅವರು ಬೋಧಿಸುತ್ತಿದ್ದರು. ಪವಿತ್ರವಾದ ಒಂದು ಹೆಸರನ್ನು ಮುಂದಿಟ್ಟುಕೊಂಡು ನಾಲ್ಕನೆಯ ಕಟ್ಟಳೆಯನ್ನು ಮುರಿಯುವ ಜಾಣತನ ಅದು. ನಮ್ಮ ಮನೆಗಳಲ್ಲಿಯೂ ಒಂದು ಕೊರ್ಬಾನ್ ಇದೆ. ಅದರ ಹೆಸರು 'ಮಗುವಿಗೋಸ್ಕರ ತಾನೇ!' ಎಂಬುದು. ಅವ್ವನ ಮೊಣಕಾಲು ನೋವಿಗೆ ಎಣ್ಣೆ ಸಾಕು, ಮಗುವಿಗೋಸ್ಕರ ತಾನೇ. ಅಪ್ಪ ಊರಲ್ಲಿ ಒಬ್ಬರೇ ಮುದ್ದೆ ತಿರುವಿಕೊಳ್ಳಲಿ, ಮಗುವಿಗೋಸ್ಕರ ತಾನೇ. ಅಜ್ಜಿ ಊರ ಹಬ್ಬಕ್ಕೆ ಹೋಗದಿದ್ದರೇನಂತೆ, ಮಗುವಿಗೋಸ್ಕರ ತಾನೇ. ಮಗುವಿನ ಹೆಸರು ಹೇಳಿದರೆ ಯಾವ ಅಜ್ಜಿ ತಾನೇ ಆಗುವುದಿಲ್ಲ ಎಂದಾಳು?

ಇಲ್ಲಿಯೇ ಇರುವುದು ಧರ್ಮದ ಸೂಕ್ಷ್ಮ. ಬೇಡ ಎನ್ನಲು ಬಾಯೇ ಬಾರದವರ ಬಳಿ ನಾವು ಬೇಡುತ್ತಿದ್ದೇವೆ. ಸಾಲಗಾರನ ಕೈಯಿಂದ ಕಿತ್ತುಕೊಂಡರೆ ಜನ ಅನ್ಯಾಯವೆನ್ನುತ್ತಾರೆ. ಪ್ರೀತಿಸುವವರ ಕೈಯಿಂದ ಕಿತ್ತುಕೊಂಡರೆ ಯಾರಿಗೂ ಕಾಣುವುದಿಲ್ಲ, ಯಾಕೆಂದರೆ ಅವರು ಕೈಯನ್ನು ತಾವೇ ಚಾಚಿರುತ್ತಾರೆ. ಕೊಡದಿರುವ ಸ್ವಾತಂತ್ರ್ಯವಿದ್ದಾಗ ಮಾತ್ರ ಕೊಟ್ಟದ್ದು ದಾನವಾಗುತ್ತದೆ. ಅದಿಲ್ಲದಿದ್ದರೆ ಅದೇ ಕೆಲಸ, ಅದೇ ಮಗು, ಅದೇ ತುತ್ತು. ಆದರೆ ಕೊಡುವವರ ಒಳಗಿನ ಸಂತೋಷ ಮೆಲ್ಲನೆ ಬತ್ತಿಹೋಗುತ್ತದೆ. ನವೊಮಿಯ ಮಡಿಲಿಗೆ ಮಗುವನ್ನು ಯಾರೂ ಹೇರಲಿಲ್ಲ. ಆಕೆಯೇ ಎತ್ತಿಕೊಂಡಳು ಎನ್ನುತ್ತದೆ ಪವಿತ್ರ ಗ್ರಂಥ.

ಕೇಳುವುದೇ ಗೌರವ

ಆ ಚಿತ್ರದ ದಿನ ರಾತ್ರಿ ಮಕ್ಕಳು ಮಲಗಿದ ಮೇಲೆ ಅವ್ವನ ಪಕ್ಕದಲ್ಲಿ ಕುಳಿತು, "ಅವ್ವಾ, ಊರಿಗೆ ಹೋಗಬೇಕು ಅನ್ನಿಸುತ್ತಾ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೋಗ್ಲೇಬೇಕು ಅಂತಿಲ್ಲ ಕಣಪ್ಪ. ಮಕ್ಕಳನ್ನ ಬಿಟ್ರೆ ನಂಗೂ ನಿದ್ದೆ ಬರಲ್ಲ. ಆದ್ರೆ ಹೋಗ್ತೀಯಾ, ಇರ್ತೀಯಾ ಅಂತ ಈ ಆರು ವರ್ಷದಲ್ಲಿ ಒಂದು ಸಲ ಕೇಳ್ಲಿಲ್ವಲ್ಲ. ನಿಮ್ಮಪ್ಪಂಗೆ ಸಾರು ಮಾಡೋಕೆ ಬರಲ್ಲ, ಗೊತ್ತಾ ನಿಂಗೆ?" ಎಂದಳು.

ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾತೆ ಮರಿಯಮ್ಮನವರಿಗೆ ದೇವದೂತ ತಂದ ಮಂಗಳವಾರ್ತೆಯನ್ನು ನಾವು ತ್ರಿಕಾಲ ಪ್ರಾರ್ಥನೆಯಲ್ಲಿ ದಿನವೂ ನೆನೆಯುತ್ತೇವೆ. ಸರ್ವಶಕ್ತರಾದ ದೇವರು ತಮ್ಮ ಪುತ್ರನನ್ನು ಒಬ್ಬ ಬಡ ಕನ್ಯೆಯ ಉದರದಲ್ಲಿ ಇರಿಸುವ ಮುನ್ನ ಆಕೆಯ ಒಪ್ಪಿಗೆಯನ್ನು ಬಯಸಿದರು ಎಂದು ಧರ್ಮಸಭೆ ಬೋಧಿಸುತ್ತದೆ. ಆಕೆಗೆ ಅನುಮಾನವನ್ನು ಕೇಳಲು ಅವಕಾಶವಿತ್ತು, ಕೇಳಿದಳು. ಅದಕ್ಕೆ ಉತ್ತರವೂ ಸಿಕ್ಕಿತು. ಅನಂತರವೇ ಆಕೆ ಆಗಲಿ ಎಂದಳು. ಒಂದು ಮಗುವನ್ನು ಒಬ್ಬ ಹೆಣ್ಣಿನ ತೋಳಿಗೆ ಕೊಡುವ ಮೊದಲು ದೇವರೇ ಕೇಳಿದರು! ನಾವು ಕೇಳುವುದಿಲ್ಲ. ಬಸ್ಸಿನ ಟಿಕೆಟ್ ಮಾಡಿಸಿದ ಮೇಲೆ ತಿಳಿಸುತ್ತೇವೆ.

ಅವ್ವನನ್ನು ಕೇಳಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಕಣ್ಣಿನ ಆಪರೇಷನ್ ಮಾಡಿಸಿದೆವು. ಅದಕ್ಕೆ ನಾನೂ ಪತ್ನಿಯೂ ಸರದಿಯಂತೆ ರಜೆ ಹಾಕಿದೆವು. ಸಿಗದೆಂದುಕೊಂಡಿದ್ದ ರಜೆ ಹಟಹಿಡಿದು ಕೇಳಿದಾಗ ಸಿಕ್ಕಿತು. ಅನಂತರ ಅವ್ವ ತಾನಾಗಿಯೇ ತೀರ್ಮಾನ ಹೇಳಿದಳು: ಸುಗ್ಗಿಯ ಕಾಲದಲ್ಲಿ ಊರು, ಬೇಸಿಗೆ ರಜೆಯಲ್ಲಿ ಮಕ್ಕಳು ಊರಿಗೆ, ಮಳೆಗಾಲದಲ್ಲಿ ಆಕೆ ಇಲ್ಲಿಗೆ. ಮಗನನ್ನು ಶಿಶುವಿಹಾರಕ್ಕೆ ಸೇರಿಸಿದೆವು. ತಿಂಗಳ ಖರ್ಚು ಬಿಗಿಯಾಯಿತು. ಅಜ್ಜಿ ಹೊರಟ ದಿನ ಮಗಳು ಊಟ ಮಾಡಲಿಲ್ಲ. ಊರಿಗೆ ಹೋದ ವಾರದಲ್ಲೇ ಅವ್ವ ಫೋನು ಮಾಡಿ, ರಾತ್ರಿ ಎಚ್ಚರವಾದಾಗ ಪಕ್ಕದಲ್ಲಿ ಚಿಕ್ಕ ಕೈ ಸಿಗುವುದಿಲ್ಲ ಎಂದು ಅತ್ತಳು. ಈಗ ದಿನವೂ ಸಂಜೆ ಏಳಕ್ಕೆ ಫೋನಿನಲ್ಲೇ ಮಕ್ಕಳ ಜೊತೆ ಜಪಸರದ ಹತ್ತು ಮಣಿ ಹೇಳುತ್ತಾಳೆ. ಆ ಚಿಕ್ಕ ಚೌಕದಲ್ಲಿ ಈಗ ಇಬ್ಬರಿದ್ದಾರೆ. ತಾತ ನಮೋ ಮರಿಯಾ ಹೇಳುವಾಗ ಹಿಂದಿನಿಂದ ಅಜ್ಜಿ ತಿದ್ದುವುದು ಕೇಳಿ ಮಕ್ಕಳು ನಗುತ್ತಾರೆ.

ಎಲ್ಲ ಮನೆಗೂ ಇದೇ ದಾರಿ ಎಂದು ನನ್ನ ಅರ್ಥವಲ್ಲ. ಶಿಶುವಿಹಾರಕ್ಕೆ ಹಣವಿಲ್ಲದ ಮನೆಗಳಿವೆ. ತಂದೆಯೋ ತಾಯಿಯೋ ತೀರಿಹೋಗಿ ಮೊಮ್ಮಕ್ಕಳಿಗೆ ಅಜ್ಜಿಯೇ ಗತಿಯಾದ ಮನೆಗಳಿವೆ. ಅಂಥ ಕಡೆ ಕೇಳುವುದರಿಂದ ಕೆಲಸವೇನೂ ಕಡಿಮೆಯಾಗದು. ಆದರೂ ಕೇಳಬೇಕು. ಇವತ್ತು ಆಗುತ್ತಾ ಅವ್ವಾ, ನಿದ್ದೆ ಬಂತಾ, ಕಾಲು ಹೇಗಿದೆ ಎಂದು ಕೇಳಬೇಕು. ಕೇಳಿಸಿಕೊಂಡವರು ಆಳಾಗಿ ಉಳಿಯುವುದಿಲ್ಲ, ಮನೆಯ ಹಿರಿಯರಾಗುತ್ತಾರೆ. ಹೊತ್ತದ್ದು ಅದೇ ಭಾರವಾದರೂ ತಾವೇ ಹೊತ್ತೆವು ಎಂಬ ಮನಸ್ಸಿದ್ದರೆ ಬೆನ್ನು ಅಷ್ಟು ಬಾಗುವುದಿಲ್ಲ.

ಹಿರಿಯರಿಗೂ ಒಂದು ಮಾತು ಹೇಳಬೇಕು, ಕ್ಷಮಿಸಿ. ನೋವನ್ನು ನುಂಗಿಕೊಂಡು ಮಾಡುವುದೇ ತ್ಯಾಗ ಎಂದು ನಮ್ಮ ತಾಯಂದಿರು ಕಲಿತಿದ್ದಾರೆ. ಆದರೆ ಬಾಯಿ ಬಿಡದೆ ಮಾಡಿದ ತ್ಯಾಗ ಕೆಲವೊಮ್ಮೆ ಸೊಸೆಯ ಮೇಲಿನ ಗೊಣಗಾಟವಾಗಿ ಹೊರಬರುತ್ತದೆ. ಮಗುವನ್ನು ತನ್ನ ಕಡೆಗೆ ಎಳೆದುಕೊಂಡು ತಾಯಿಯ ಮಾತನ್ನು ತೆಗೆದುಹಾಕುವ ಹಟವೂ ಆಗುತ್ತದೆ. 'ಇಂದು ನನಗೆ ಆಗುವುದಿಲ್ಲ' ಎಂದು ಪ್ರೀತಿಯಿಂದ ಹೇಳುವುದು ಪಾಪವಲ್ಲ. ಮಕ್ಕಳಿಗೆ ನಿಜ ಹೇಳುವುದೂ ಒಂದು ಉಪಕಾರವೇ.

ಮೊಮ್ಮಕ್ಕಳು ದೂರದಲ್ಲಿರುವ, ಅಥವಾ ಮೊಮ್ಮಕ್ಕಳೇ ಇಲ್ಲದ ಹಿರಿಯರು ಇದನ್ನು ಓದುತ್ತಾ ನಿಟ್ಟುಸಿರು ಬಿಡುತ್ತಿರಬಹುದು. ನಮಗೆ ಭಾರವಾದರೂ ಇದ್ದಿದ್ದರೆ ಎನ್ನುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಬರ್ಲಿನ್‌ನ ಆ ಹಿರಿಯರನ್ನು ನೆನೆಯಿರಿ. ನೆರೆಮನೆಯ ಮಗುವಿಗೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸುವ ಕೈಯೂ ಅಜ್ಜಿಯ ಕೈಯೇ. ಹಾಗೆಯೇ ಧರ್ಮಕೇಂದ್ರದ ನಾವೆಲ್ಲರೂ ಅಂಥವರ ಮನೆಯ ಬಾಗಿಲನ್ನು ಮಕ್ಕಳೊಂದಿಗೆ ತಟ್ಟಬಾರದೇಕೆ?

ಫೆಬ್ರವರಿ 2ರಂದು ನಾವು ಮೇಣದ ಬತ್ತಿ ಹಿಡಿದು ನೆನೆಯುವ ವೃದ್ಧ ಸಿಮೆಯೋನನನ್ನು ನೋಡಿ. ಬಾಲಯೇಸುವನ್ನು ಆತ ತೋಳಿನಲ್ಲಿ ಎತ್ತಿಕೊಂಡ. ಅವನ ಬಾಳು ತುಂಬಿತು. ಆದರೆ ಮಗು ಅವನ ತೋಳಿನಲ್ಲೇ ಉಳಿಯಲಿಲ್ಲ. ಅದು ತಾಯಿಯ ಮಡಿಲಿಗೆ ಹಿಂದಿರುಗಿತು. ವೃದ್ಧನು ದೇವರ ಬಳಿ ಬೇಡಿದ್ದು ಸಮಾಧಾನದಿಂದ ಹೋಗಲು ಅಪ್ಪಣೆ. ಎತ್ತಿಕೊಳ್ಳುವ ಭಾಗ್ಯ, ಕೆಳಗಿಳಿಸುವ ಬಿಡುವು, ಎರಡೂ ಮುಪ್ಪಿಗೆ ಬೇಕು. ಮೊದಲನೆಯದನ್ನು ನಮ್ಮ ಮಕ್ಕಳು ಕೊಡುತ್ತಾರೆ. ಎರಡನೆಯದನ್ನು ನಾವು ಕೊಡಬೇಕು.

ಈ ಭಾನುವಾರ ಬಲಿಪೂಜೆಯಿಂದ ಹಿಂದಿರುಗಿದ ಮೇಲೆ, ಮಧ್ಯಾಹ್ನದ ಅಡುಗೆಯನ್ನು ನಾವೇ ಮಾಡಿ, ಅವ್ವನನ್ನೋ ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕೇಳೋಣ: "ನಿಮಗೆ ಹೇಗಿದ್ದರೆ ಇಷ್ಟ?" ಆಮೇಲೆ ಸುಮ್ಮನಿರೋಣ. ಉತ್ತರ ಬರಲು ತಡವಾಗಬಹುದು. ಕೇಳಿ ಅಭ್ಯಾಸವಿಲ್ಲದ ಮನೆಯಲ್ಲಿ ಹೇಳಿಯೂ ಅಭ್ಯಾಸವಿರುವುದಿಲ್ಲ.